ಅಸ್ತರಿನೊಳಗಿನ ಹೆಸರು

೨೦೨೨ರಲ್ಲಿ ನಾನು ಈಗಿನಂತೆಯೇ ಅಥಣಿಯ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೆ. ಸೇರಿ ಹನ್ನೆರಡು ವರ್ಷವಾಗಿತ್ತು. ಹನ್ನೆರಡೋ ಹದಿಮೂರೋ, ಸೇವಾ ಪುಸ್ತಕ ನೋಡದೆ ಇಂಥದ್ದನ್ನು ಹೇಳುವ ಧೈರ್ಯ ಈಗ ನನಗಿಲ್ಲ. ಯಾಕಿಲ್ಲ ಎಂಬುದೇ ಈ ಬರಹ.

ಕಾಲೇಜಿಗೆ ಬರುವ ಸರ್ಕಾರಿ ಪ್ರಕಟಣೆಗಳು ಹಲವು ಬಗೆ: ಜನಗಣತಿಯ ಕೈಪಿಡಿ, ಆಯೋಗದ ವರದಿ, ವಾರವಾರದ ಗೆಜೆಟ್. ಬಂದ ದಿನ ಮೊಹರು ಒತ್ತಿ, ಅದರ ಕೆಳಗೆ ಕ್ರಮಸಂಖ್ಯೆ ಹಾಕಿ, ರಿಜಿಸ್ಟರಿನಲ್ಲಿ ಪ್ರಕಟಣೆಯ ನಂಬರು, ತಾರೀಕಿನೊಂದಿಗೆ ಒಂದು ಸಾಲು ಬರೆಯುತ್ತಿದ್ದೆ. ಆಮೇಲೆ ಆಯ್ಕೆ. ಇಟ್ಟುಕೊಳ್ಳುವ ಪುಸ್ತಕಕ್ಕೆ ಅಕ್ಸೆಶನ್ ನಂಬರ್ ಕೊಟ್ಟರೆ ಅದು ಗ್ರಂಥಾಲಯದ ಆಸ್ತಿ, ಸುಲಭವಾಗಿ ತೆಗೆದುಹಾಕುವಂತಿಲ್ಲ. ಗೆಜೆಟ್‌ಗಳನ್ನು ವರ್ಷಕ್ಕೊಮ್ಮೆ ಒಟ್ಟು ಬೈಂಡ್ ಮಾಡಿಸಿ ನಂಬರ್ ಕೊಡುತ್ತಿದ್ದೆವು. ತಡವಾಗಿ ಬರುವ ತಿದ್ದುಪಡಿಯಂಥ ಬಿಡಿ ಹಾಳೆಗಳಿಗೆ ಅಕ್ಸೆಶನ್ ನಂಬರ್ ಬೇಡ ಎಂಬುದು ನನ್ನದೇ ನಿಯಮ. ವಿಶ್ವವಿದ್ಯಾಲಯದಲ್ಲಿ ಓದಿ ಬಂದವನು, ಯಾವುದು ಕಸ ಯಾವುದಲ್ಲ ಎಂದು ನನಗೆ ಗೊತ್ತು ಎಂಬ ಹಮ್ಮು ಇತ್ತು.

ಹೊಳೆದಂಡೆಯ ಜುಗೂಳ ಊರಿನ ಶಾಂತಾಬಾಯಿ ಬಂದದ್ದು ಒಂದು ಗುರುವಾರ. ಹೊಳೆ ಏರಿ ಮನೆ ಬಿದ್ದ ಮೇಲೆ ಮಗಳೊಂದಿಗೆ ತಗಡಿನ ಶೆಡ್ಡಿನಲ್ಲಿದ್ದು ಕೂಲಿಗೆ ಹೋಗುತ್ತಿದ್ದರು. ಹಿಂದೊಮ್ಮೆ ಪುನರ್ವಸತಿ ಬಡಾವಣೆಗಾಗಿ ಅವರ ಮಾವನ ಇಪ್ಪತ್ತು ಗುಂಟೆ ಹೋಗಿತ್ತು. ಜಮೀನು ಹೋದವರಿಗೆ ಅಲ್ಲೇ ಒಂದು ಪ್ಲಾಟು ಸಿಗಬೇಕು. ಆದರೆ ಗೆಜೆಟ್‌ನ ಪಟ್ಟಿಯಲ್ಲಿ ಮಾವನ ಹೆಸರು ಬಿಟ್ಟುಹೋಗಿತ್ತು. ಆಮೇಲೆ ತಿದ್ದುಪಡಿ ಹಾಳೆಯಲ್ಲಿ ಸೇರಿತ್ತು ಎಂದು ಮಾವ ಸಾಯುವ ತನಕ ಹೇಳುತ್ತಿದ್ದರಂತೆ. ಆ ಹಾಳೆ ಚಿಕ್ಕೋಡಿಯ ಕಂದಾಯ ಕಚೇರಿಯಲ್ಲಿ ಸಿಕ್ಕಿರಲಿಲ್ಲ. ನಂಬರು, ತಾರೀಕು ಗೊತ್ತಿಲ್ಲದೆ ಬೆಂಗಳೂರಿನಿಂದ ತರಿಸುವಂತೆಯೂ ಇರಲಿಲ್ಲ. ಸೋಮವಾರ ಅಲ್ಲಿ ಅವರ ಪ್ಲಾಟಿನ ಅರ್ಜಿಯ ಕೊನೆಯ ವಿಚಾರಣೆ.

"ಸರಕಾರದ ಪುಸ್ತಕ ಎಲ್ಲಾ ಕಾಲೇಜಿಗಿ ಬರ್ತಾವಂತಲ್ರಿ ಸರ. ಅದು ಐತೇನ್ರಿ ನಿಮ್ಮಂತೇಕ?"

"ಐತ್ರಿ ಅಕ್ಕಾರ. ನಾನಾ ನೋಡೀನಿ," ಎಂದೆ. ನೀಲಿ ಮೊಹರು, ಜುಗೂಳ ಎಂಬ ಅಕ್ಷರ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

"ನಾಳೆ ಚಿಕ್ಕೋಡಿಗಿ ಹೋಗಿ ವಕೀಲರ ಕಡಿಂದ ಮುದತ ಕೇಳಸಬೇಕಂತ ಮಾಡಿದ್ದೆ. ಇದ್ದದ್ದಾದ್ರ ಬಿಟ್ಟಬಿಡ್ತೀನ್ರಿ."

"ಬಿಡ್ರಿ. ನಾಡದ ಬರ್ರಿ."

ಅವರು ಹೋದ ಮೇಲೆ ಕಪಾಟು ತೆರೆದೆ. ಬಿಡಿ ಹಾಳೆಗಳ ಕಟ್ಟು ಒಂದೂ ಇರಲಿಲ್ಲ. ರಿಜಿಸ್ಟರ್ ತೆಗೆದರೆ ಪುಟಪುಟಕ್ಕೂ ನನ್ನದೇ ಅಕ್ಷರದಲ್ಲಿ "ತಿದ್ದುಪಡಿ, ಒಂದು ಹಾಳೆ". ಯಾವ ಊರಿನದು ಎಂದು ಒಂದರಲ್ಲೂ ಬರೆದಿರಲಿಲ್ಲ. ವಿಲೇವಾರಿ ಪಟ್ಟಿಯಲ್ಲಿ "ಬಿಡಿ ಹಾಳೆ, ಹನ್ನೊಂದು ಕಟ್ಟು" ಎಂದಿತ್ತು. ಕೆಳಗೆ ನನ್ನ ಸಹಿ. ಆ ಸಹಿ ಹಾಕಿದ್ದು ನೆನಪೇ ಇರಲಿಲ್ಲ. ಹಾಗಾದರೆ ಆ ಹಾಳೆಯನ್ನು ನಾನು ನಿಜವಾಗಿ ನೋಡಿದ್ದೆನೇ? ಅಥವಾ ಆಕೆ ಹೇಳಿದ್ದನ್ನು ಕೇಳಿ ಮನಸ್ಸಿನಲ್ಲೇ ಅಚ್ಚು ಹಾಕಿಕೊಂಡೆನೇ? ನನ್ನ ಮಾತು ನಂಬಿ ಅವರು ಮುದತು ಕೇಳಿ ವಿಚಾರಣೆ ಮುಂದೂಡಿಸುವುದನ್ನೇ ಬಿಟ್ಟಿದ್ದರು. ಅವರಿಗೆ ತಿಳಿಸೋಣವೆಂದರೆ ಫೋನ್ ನಂಬರನ್ನೂ ಕೇಳಿರಲಿಲ್ಲ.

ನಿಪ್ಪಾಣಿಯಿಂದ ಬಂದು ನಮ್ಮ ಪುಸ್ತಕ ಬೈಂಡ್ ಮಾಡುತ್ತಿದ್ದ ಇಸ್ಮಾಯಿಲ್ ಚಾಚಾಗೆ ಫೋನ್ ಮಾಡಿದೆ.

"ನೆನಪಿಲ್ಲೇನ್ರಿ ಸರ? ಅಸ್ತರಕ್ಕ ಹಚ್ಚು ಅಂತ ನೀವಾ ಕೊಟ್ರಿ. 'ಸರಕಾರದ ಕಾಗದ, ಒಂದರ ಕೆಲಸಕ್ಕ ಬರಲಿ ಚಾಚಾ' ಅಂದು ನಕ್ಕಿದ್ರಿ."

ಅಸ್ತರು ಎಂದರೆ ರಟ್ಟಿನ ಒಳಮೈಗೆ ಅಂಟಿಸುವ ಹಾಳೆ. ಅದರ ಮೇಲೆ ಬಿಳಿ ಕಾಗದ ಬರುವುದರಿಂದ ಯಾರಿಗೂ ಕಾಣುವುದಿಲ್ಲ. ನಾನು ಆ ಕಟ್ಟುಗಳನ್ನು ಕೊಟ್ಟ ಬೇಸಿಗೆಯಲ್ಲಿ ಬೈಂಡ್ ಆದದ್ದು ಅರವತ್ನಾಲ್ಕು ಸಂಪುಟ.

ಶನಿವಾರ ಬೆಳಿಗ್ಗೆ ಚಾಚಾ ಬಂದರು. ಶಾಂತಾಬಾಯಿಯೂ ಬಂದರು. ನಡೆದದ್ದನ್ನು ಹೇಳಿದೆ.

"ನಮ್ಮ ಮಾವನ್ನ ರಟ್ಟಿಗಿ ಹಚ್ಚೀರೇನ್ರಿ ಸರ?" ಎಂದವರೇ ಒದ್ದೆ ಬಟ್ಟೆ ಹಿಡಿದು ಕೂತರು.

ಚಾಚಾ ಬಿಳಿ ಕಾಗದ ಕೊಯ್ಯುವುದು, ಆಕೆ ಒದ್ದೆ ಬಟ್ಟೆಯಿಂದ ಅಂಟು ಮೆತ್ತಗೆ ಮಾಡುವುದು, ನಾನು ಓದುವುದು. ಮಧ್ಯಾಹ್ನ ಪ್ರಾಂಶುಪಾಲರು ಬಾಗಿಲಲ್ಲಿ ನಿಂತರು.

"ಏನ್ರೀ ಇದು! ಮುಂದಿನ ವಾರ ತಪಾಸಣೆ ಕಮಿಟಿ ಬರಾಕತ್ತೈತಿ, ನೀವು ಕುಂತು ಪುಸ್ತಕದ ಚರ್ಮಾ ಸುಲಿಯಾಕತ್ತೀರಿ?"

"ಕಮಿಟಿ ಬರೂದ್ರಾಗ ಹೊಸಾ ಅಂಗಿ ತೊಡಸ್ತೀನ್ರಿ ಸಾಹೇಬ್ರ," ಎಂದರು ಚಾಚಾ, ತಲೆ ಎತ್ತದೆ.

ನಲವತ್ತೊಂದನೆಯ ಸಂಪುಟದಲ್ಲಿ ಸಿಕ್ಕಿತು. ಜುಗೂಳ, ಸರ್ವೆ ನಂಬರ್, ಮಾವನ ಹೆಸರು. ಮೊಹರು ನೀಲಿಯಲ್ಲ, ನೇರಳೆ. ನಾನು ಕಂಡಿದ್ದೇನೆ ಎಂದ ಹಾಳೆ ಅದಲ್ಲವೇ ಅಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೂ ಕಾದಿತ್ತು: ರಟ್ಟಿನ ಅಳತೆಗೆ ಕತ್ತರಿಸುವಾಗ ಮೇಲಿನ ಅಂಚು ಹೋಗಿತ್ತು. ಗೆಜೆಟ್ ನಂಬರೂ ಇಲ್ಲ, ತಾರೀಕೂ ಇಲ್ಲ. ಇಂಥ ತುಂಡನ್ನು ಯಾವ ಅಧಿಕಾರಿ ಒಪ್ಪುತ್ತಾನೆ?

ಚಾಚಾ ಮೊಹರಿನ ಕೆಳಗೆ ಬೆರಳಿಟ್ಟರು. "ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

ಬಂದ ದಿನ ಹಾಕಿದ ಕ್ರಮಸಂಖ್ಯೆ. ರಿಜಿಸ್ಟರಿನಲ್ಲಿ ಅದೇ ಸಂಖ್ಯೆಯ ಸಾಲಿಗೆ ಹೋದೆ. ಗೆಜೆಟ್ ನಂಬರು, ತಾರೀಕು, ಎರಡೂ ಅಲ್ಲಿದ್ದವು.

ಸೋಮವಾರ ಶಾಂತಾಬಾಯಿ ಆ ಹಾಳೆ, ರಿಜಿಸ್ಟರಿನ ನಕಲು ಎರಡನ್ನೂ ಒಯ್ದರು. ಅಧಿಕಾರಿ ನಂಬರ್ ಬರೆದುಕೊಂಡು ಮೂಲಪ್ರತಿ ತರಿಸಿದರು. ಸುಮಾರು ಎರಡು ತಿಂಗಳಿಗೆ ಪ್ಲಾಟಿನ ಪಟ್ಟಿಯಲ್ಲಿ ಅವರ ಹೆಸರು ಬಂತು. ಆ ಪಟ್ಟಿಯನ್ನು ನಾನೇ ಹೋಗಿ ನೋಡಿದೆ.

ಈ ಕೆಲಸ ಕಲಿಸಿದ್ದು ಇಷ್ಟು: ಕೈಯಲ್ಲಿ ಹಿಡಿಯುವ ಮೊದಲು "ಐತಿ" ಎನ್ನಬಾರದು, ಒಂದೇ ಹಾಳೆಯಾದರೂ ಅದಕ್ಕೊಂದು ಅಕ್ಸೆಶನ್ ನಂಬರ್ ಕೊಟ್ಟು ಊರಿನ ಹೆಸರು ಬರೆಯಬೇಕು. ಈಗ ಹಾಗೇ ಮಾಡುತ್ತೇನೆ.

ಆದರೆ ಅಂದು ಹಾಳೆ ಸಿಕ್ಕ ಕೂಡಲೇ ಪ್ರಾಂಶುಪಾಲರು ನಮ್ಮ ಕೆಲಸ ನಿಲ್ಲಿಸಿದ್ದರು. ಉಳಿದ ಇಪ್ಪತ್ತಮೂರು ಸಂಪುಟ ಕಪಾಟಿನಲ್ಲೇ ಇವೆ. ಅವುಗಳ ಅಸ್ತರಿನೊಳಗೆ ಇನ್ನೂ ಯಾರ್ಯಾರ ಹೆಸರಿದೆಯೋ ಗೊತ್ತಿಲ್ಲ. ಮೊನ್ನೆ ಹೊಸ ಮನೆಗೆ ಕರೆಯಲು ಬಂದ ಶಾಂತಾಬಾಯಿ ಅವುಗಳತ್ತ ನೋಡಿ ಕೇಳಿದರು:

"ಇವುನ್ನ ಯಾವಾಗ ಬಿಚ್ಚತೀರ್ರಿ ಸರ?"

ಬೇಸಿಗೆಗೆ ಎಂದೆ. ಅವರ ಎದುರಿಗೇ ಅದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ.