ಮುನಿವೆಂಕಟಮ್ಮ ಫೋನಿನಲ್ಲಿ ಹೇಳಿದ ಮಾತು

ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿದ ಮುನಿವೆಂಕಟಮ್ಮ ಹದಿನೆಂಟು ವರ್ಷ ದುಡಿದು ಸೂಪರ್‌ವೈಸರ್ ಆಗಿದ್ದರು. ಯಾವ ಹುಡುಗಿಗೆ ತಲೆನೋವು, ಯಾರ ಮನೆಯಲ್ಲಿ ಜಗಳ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು.

ಕಳೆದ ವರ್ಷ ದೇವನಹಳ್ಳಿ ರಸ್ತೆಯಲ್ಲಿ ದೊಡ್ಡ ಖಾಸಗಿ ಆಸ್ಪತ್ರೆ ತೆರೆಯಿತು. ವಾರ್ಡಿನ ಕೆಲಸಕ್ಕೆ ನೂರಾರು ಹೆಂಗಸರು ಬೇಕಾಗಿತ್ತು. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ತರಬೇತಿ ಅವರದೇ, ಸಂಬಳವೂ ಹೆಚ್ಚು. ಎರಡೇ ತಿಂಗಳಲ್ಲಿ ಮುನಿವೆಂಕಟಮ್ಮ ನೋಡಿಕೊಳ್ಳುತ್ತಿದ್ದ ಹೊಲಿಗೆ ಸಾಲಿನಿಂದ ಒಂಬತ್ತು ಜನ ಬಿಟ್ಟು ಹೋದರು. ದಿನಕ್ಕಿಷ್ಟು ಹೊಲಿಯಬೇಕೆಂಬ ಟಾರ್ಗೆಟ್ ಮಾತ್ರ ಇಳಿಯಲಿಲ್ಲ. "ಇನ್ನೊಬ್ಳು ಹೋದ್ರೆ ನಿಮ್ಮನ್ನೇ ಮಷಿನ್‌ಗೆ ಕೂರಿಸ್ತೀನಿ" ಎಂದು ಮ್ಯಾನೇಜರ್ ಎಲ್ಲರೆದುರು ಅಂದರು.

ಆ ವಾರವೇ ಆಸ್ಪತ್ರೆಯಿಂದ ಫೋನ್ ಬಂತು. ಕಾಲರ್ ಹೊಲಿಯುವ ನವ್ಯಶ್ರೀ ಅರ್ಜಿಯಲ್ಲಿ ಇವರ ನಂಬರ್ ಕೊಟ್ಟಿದ್ದಳು. ಹುಡುಗಿ ಹೇಗೆ ಎಂದು ಕೇಳಿದರು. ಅವಳಷ್ಟು ನಿಯತ್ತಿನವಳು ಇಡೀ ಸಾಲಿನಲ್ಲಿ ಇರಲಿಲ್ಲ.

"ಕೆಲ್ಸ ಪರವಾಗಿಲ್ಲ ಸಾರ್. ಆದ್ರೆ ಹೇಳ್ದೆ ಕೇಳ್ದೆ ರಜಾ ಹಾಕ್ಬಿಡ್ತಾಳೆ" ಎಂದುಬಿಟ್ಟರು ಮುನಿವೆಂಕಟಮ್ಮ.

ನವ್ಯಶ್ರೀಗೆ ಕೆಲಸ ಸಿಗಲಿಲ್ಲ. ಊಟದ ಹೊತ್ತಿಗೆ ಬಂದು ಅವರ ಪಕ್ಕದಲ್ಲೇ ಕೂತಳು. "ಇಂಟರ್‌ವ್ಯೂನಲ್ಲಿ ಚೆನ್ನಾಗೇ ಮಾತಾಡಿದ್ರು ಅಕ್ಕ. ಏನ್ ತಪ್ಪು ಮಾಡ್ದೆ ಅಂತಾನೇ ಗೊತ್ತಾಗ್ತಿಲ್ಲ" ಎಂದು ಕಣ್ಣೊರೆಸಿಕೊಂಡು, ತನ್ನ ಡಬ್ಬಿಯ ಚಿತ್ರಾನ್ನವನ್ನು ಅವರಿಗೂ ಬಡಿಸಿದಳು. ಮುನಿವೆಂಕಟಮ್ಮ ತಿಂದರು. ಸುಳ್ಳಿಗಿಂತ ಆ ಚಿತ್ರಾನ್ನ ತಿಂದದ್ದೇ ಆಮೇಲೆ ಅವರನ್ನು ಹೆಚ್ಚು ನಾಚಿಸಿತು.

ಮೂರನೆಯ ದಿನ ತಾವೇ ಆಸ್ಪತ್ರೆಗೆ ಫೋನ್ ಮಾಡಿದರು. "ಅವತ್ತು ನವ್ಯಶ್ರೀ ಬಗ್ಗೆ ಸುಳ್ಳು ಹೇಳ್ಬಿಟ್ಟೆ ಸಾರ್. ಹುಡ್ಗಿ ಹೋಗ್ಬಿಡ್ತಾಳೆ ಅಂತ."

ಆ ಕಡೆಯವರು ನಕ್ಕರು. "ನೀವೊಬ್ರೇ ಅಲ್ಲ ಬಿಡಿ ಮೇಡಂ, ಎಲ್ಲ ಸೂಪರ್‌ವೈಸರ್‌ಗಳೂ ಹಿಂಗೇ ಹೇಳೋದು. ಹುಡ್ಗೀನ ಮುಂದಿನ ತಿಂಗ್ಳು ಕರೀತೀವಿ."

ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು ಅವರಿಗೆ.

ನವ್ಯಶ್ರೀಗೂ ಹೇಳಿದರು, ಅವಳ ಮಷಿನ್ ಪಕ್ಕ ನಿಂತು. ಅವಳು ಹೊಲಿಯುವುದನ್ನು ನಿಲ್ಲಿಸಿ, "ಇರು ಅಂತ ನನ್ನನ್ನೇ ಕೇಳಿದ್ರೆ ಇನ್ನೊಂದೆರಡು ತಿಂಗ್ಳು ಇರ್ತಿದ್ನಲ್ಲ ಅಕ್ಕ" ಎಂದಳು. ಮತ್ತೆ ತಲೆ ಎತ್ತಲಿಲ್ಲ.

ಮುಂದಿನ ತಿಂಗಳು ಆಸ್ಪತ್ರೆಯಿಂದ ಕರೆ ಬಂದು ಅವಳು ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಾಗ ಮ್ಯಾನೇಜರ್ ಗೊಣಗಿ ಸುಮ್ಮನಾದರು. ಸೂಪರ್‌ವೈಸರ್‌ಗಳೂ ಸಿಗದ ಕಾಲ. ಮುನಿವೆಂಕಟಮ್ಮನನ್ನು ಯಾರೂ ಮಷಿನ್‌ಗೆ ಕೂರಿಸಲಿಲ್ಲ. ಹೆದರುವ ಅಗತ್ಯವೇ ಇರಲಿಲ್ಲ ಎಂದು ತಿಳಿದು ಅವರಿಗೆ ಇನ್ನಷ್ಟು ಅವಮಾನವಾಯಿತು.

ಕೊನೆಯ ದಿನ ನವ್ಯಶ್ರೀ ಸಾಲಿಗೆಲ್ಲ ಮೈಸೂರುಪಾಕು ಹಂಚಿದಳು. ಅವಳ ಬಸ್ ಹೊರಡುವವರೆಗೂ ಮುನಿವೆಂಕಟಮ್ಮ ಸ್ಟೋರ್ ರೂಮಿನಲ್ಲಿ, ಯಾರೂ ಕೇಳದಿದ್ದ ದಾರ ಹುಡುಕುತ್ತ ನಿಂತಿದ್ದರು.