ಅರ್ಧ ಸಾರಿಸಿದ ನೆಲ

ಮೂಡಲಗಿ ಹತ್ತಿರದ ದಿಬ್ಬವೊಂದರಲ್ಲಿ ನಾನು ಉತ್ಖನನದ ಕೆಲಸ ಕಲಿಯುತ್ತಿದ್ದೆ. ಕಲಿಯುವುದೆಂದರೆ ಮೊದಮೊದಲು ಬರೀ ಮಂಡಿಯೂರಿ ಮಣ್ಣು ಕೆರೆಯುವುದು. ಕರಣೆಯಿಂದ ಚುಚ್ಚಬಾರದು, ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಮಣ್ಣಿನ ಬಣ್ಣ ಬದಲಾದ ಕಡೆ ಕೈ ನಿಲ್ಲಬೇಕು. ಕಲಿಸುವ ಸರ್‌ಗೆ ನನ್ನ ಅವಸರ ಕಂಡರೆ ಆಗುತ್ತಿರಲಿಲ್ಲ, ನನಗೆ ಅವರ ನಿಧಾನ ಕಂಡರೆ.

ಒಂದು ದಿನ ಬಣ್ಣ ಬದಲಾಯಿತು. ಬೂದಿಯ ಕೆಳಗೆ ಹಳೆಯ ಮನೆಯೊಂದರ ನೆಲ. ಕೂಲಿಗೆ ಬರುತ್ತಿದ್ದ ಹೆಂಗಸು ಕುಂಚದಿಂದ ಧೂಳು ಸರಿಸಿದಳು. ಬಣ್ಣ ಎದ್ದು ಕಾಣಲೆಂದು ನಾನು ನೀರು ಸಿಂಪಡಿಸಿದೆ. ಒದ್ದೆಯಾದದ್ದೇ ತಡ, ಆಗಷ್ಟೇ ಸಾರಿಸಿದ ಮನೆಯ ವಾಸನೆ ಬಂತು. ಸೆಗಣಿಯಲ್ಲಿ ಬೆರಳಾಡಿಸಿದ ಕಮಾನು ಗೆರೆಗಳು ಒಂದರ ಪಕ್ಕ ಒಂದು ಮೂಡಿದವು. ನೆಲದ ಅರ್ಧಕ್ಕೆ ಬಂದು ನಿಂತಿದ್ದವು. ಅದರಾಚೆ ಬರೀ ಒರಟು ಮಣ್ಣು.

“ಯಾರೋ ಕರದಾರ್ರಿ ಅಕ್ಕಾರ, ಅರ್ಧಕ್ಕ ಎದ್ದ್ ಹೋಗ್ಯಾಳ,” ಎಂದಳು ಆಕೆ.

ಗೆರೆಗಳು ಬಾಗಿದ್ದ ರೀತಿ ನೋಡಿದೊಡನೆ ಗೊತ್ತಾಯಿತು. ಅದು ಎಡಗೈ.

ನಾಗನೂರಿನ ನಮ್ಮ ಮನೆಯಲ್ಲಿ ಅವ್ವ ಎಡಗೈಯಿಂದಲೇ ಸಾರಿಸುತ್ತಿದ್ದಳು. ಒಂದು ಮಧ್ಯಾಹ್ನ ಸಾರಿಸುತ್ತಿದ್ದವಳು ಬಾಗಿಲ ಕಡೆ ತಿರುಗಿ “ಬಂದ್ನಿ, ತಡೀರಿ” ಎಂದು ಎದ್ದಳು. ಯಾರೂ ಕರೆದಿರಲಿಲ್ಲ, ಹೊಸ್ತಿಲಲ್ಲೇ ನಾನು ಕುಳಿತಿದ್ದೆ. ಅಲ್ಲಿಯವರೆಗೆ ಬಂದವಳು ನನ್ನ ಪಕ್ಕದಲ್ಲೇ ಕುಸಿದಳು. ಮಣ್ಣು ಮಾಡಿ ಬಂದ ಮೇಲೆ ಉಳಿದರ್ಧ ನೆಲವನ್ನು ಅವ್ವನ ತಂಗಿ, ಚಿಗವ್ವ, ಸಾರಿಸಿದಳು.

ಈ ನೆಲದವಳು ತಿರುಗಿ ಬಂದಳೇ? ನನಗೆ ಅದೊಂದೇ ಗೊತ್ತಾಗಬೇಕಿತ್ತು. ಸರ್ ಅವರನ್ನು ಕೇಳಿದೆ.

“ಮಣ್ಣಿಗೇ ಕೇಳೋಣ ತಡಿಯವ್ವಾ,” ಎಂದರು.

ಗೆರೆಗಳು ನಿಂತ ಅಂಚು ನಾವು ಅಗೆದ ಗುಂಡಿಯ ಗೋಡೆಯೊಳಕ್ಕೂ ಸಾಗಿತ್ತು. ಅಲ್ಲಿ ನೆಲದ ಮೇಲಿನ ಬೂದಿ ಇನ್ನೂ ಕದಡಿರಲಿಲ್ಲ. ಅಲ್ಲಿಗೆ ತಗಡಿನ ಡಬ್ಬಿ ಒತ್ತಿ ಒಂದು ತುಂಡು ಕೊಯ್ದೆವು, ಮೇಲು ಯಾವುದೆಂದು ಬಾಣದ ಗುರುತು ಹಾಕಿದೆವು. ಪ್ರಯೋಗಾಲಯದಲ್ಲಿ ಅದನ್ನು ಒಣಗಿಸಿ, ಅಂಟು ಕುಡಿಸಿ ಗಟ್ಟಿ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಸಾರಿಸಿದ ಪದರ ಸ್ಪಷ್ಟವಾಗಿ ಕಂಡಿತು. ತುಳಿದಿದ್ದರೆ ಅದು ಒಡೆದಿರಬೇಕು, ಮೇಲೆ ಕಸ ಕೂತಿರಬೇಕು. ಏನೂ ಇರಲಿಲ್ಲ. ಪದರದ ಮೇಲೆ ನೇರ ಮನೆ ಸುಟ್ಟ ಬೂದಿ.

“ಆಕಿ ಎದ್ದ ಮ್ಯಾಲೆ ಇಲ್ಲಿ ಯಾರೂ ಕಾಲಿಟ್ಟಿಲ್ಲ,” ಎಂದರು ಸರ್, ಎಂದಿಗಿಂತ ಮೆಲ್ಲಗೆ.

ಅವರ ಎದುರಿಗೇ ಅತ್ತುಬಿಟ್ಟೆ. ಅವ್ವನ ನೆಲ ಮುಗಿಸಲು ಚಿಗವ್ವನಾದರೂ ಇದ್ದಳು.

ಈಗ ಗೋಕಾಕದಲ್ಲಿರುವ ನನ್ನ ಮನೆಗೆ ಟೈಲ್ಸ್ ಹಾಸಿದೆ. ಒದ್ದೆ ಬಟ್ಟೆ ಹಿಡಿದು ಒರೆಸುತ್ತೇನೆ, ನಾನೂ ಎಡಗೈಯವಳೇ. ಮೊನ್ನೆ ಅರ್ಧ ಒರೆಸಿರುವಾಗ ಬಾಗಿಲಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದರು. ಹೊಸ್ತಿಲಲ್ಲೇ ಕುಳಿತಿದ್ದ ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಬಂದ್ನಿ, ತಡೀರಿ,” ಎಂದೆ.

“ಯಾರ ಜೋಡಿ ಮಾತಾಡಾಕತ್ತಿ ಅವ್ವಾ?” ಎಂದಳು ಮಗಳು.

ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದೆ. ಕೊನೆಯ ಮೂಲೆಯವರೆಗೂ ಒರೆಸಿ ಮುಗಿಸಿದ ಮೇಲೇ ಎದ್ದೆ.