ಗಾಡಿಯ ಕಣ್ಣಿಗೆ ಎರೆದ ಕಾಯಿನೀರು

ಹೋದ ಅಮಾವಾಸ್ಯೆಯ ಬೆಳಿಗ್ಗೆ ವಿಜಯಪುರದಲ್ಲಿ ಮಗಳ ಮನೆಯ ಮುಂದೆ ಅಳಿಯ ತನ್ನ ಕಾರಿಗೆ ಪೂಜೆ ಮಾಡುತ್ತಿದ್ದ. ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ತೆಂಗಿನಕಾಯಿ ಒಡೆದ. ಕಾಯಿ ಹಳೆಯದಿತ್ತೋ ಏನೋ, ನೀರಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯ ಬೆನ್ನಿಗೇ ಇದೇ ಊರಿನ ಸೊಲ್ಲಾಪುರ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದ ಕಾಕಾ ನೆನಪಾದರು...

ಆಗ ನಾನು ತಿಕೋಟಾ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ದಿನಾ ಬೆಳಕು ಹರಿಯುವ ಮೊದಲೇ ಮಾಸ್ತರರನ್ನೂ ಪಾಠ ಹೇಳುವ ಅಕ್ಕೋರನ್ನೂ ಕೂಡಿಸಿಕೊಂಡು ಬಬಲೇಶ್ವರದ ಸಾಲೆಗಳಿಗೆ ಮುಟ್ಟಿಸಬೇಕು. ಚಳಿಗಾಲದಲ್ಲಿ ಹೊಲಗಳ ಮೇಲಿನ ಮಂಜು ರಸ್ತೆಗೆ ಇಳಿದುಬಿಡುತ್ತಿತ್ತು. ಅದಕ್ಕೆಂದೇ ಹೆಡ್‌ಲೈಟಿನ ಕೆಳಗೆ ಎರಡು ಹಳದಿ ಫಾಗ್ ಲೈಟು ಹಾಕಿಸಿದೆ. ಹಾಕಿಕೊಟ್ಟವರು ಕಾಕಾ.

ಅವರ ಕೆಲಸದ ರೀತಿಯೇ ಬೇರೆ. ದೀಪ ಹತ್ತಿತೆಂದು ಗಾಡಿ ಬಿಟ್ಟುಕೊಡುತ್ತಿರಲಿಲ್ಲ. ಒಂದು ಕಾಯಿ ಒಡೆದು, ಅದರ ನೀರನ್ನು ಬೊಗಸೆಯಲ್ಲಿ ಹಿಡಿದು, ಒಂದೊಂದು ದೀಪದ ಮೇಲೂ ಎರೆಯುತ್ತಿದ್ದರು. ಕಣ್ಣು ಬೇನೆಯಾದ ಮಗುವಿಗೆ ನೀರು ಹಾಕಿದಂತೆ... "ಗಾಡಿ ಕಣ್ಣು ತಂಪಿರಲಿ" ಅನ್ನುತ್ತಿದ್ದರು. "ನೀನೂ ಅಮಾಸಿಗೊಮ್ಮೆ ಹಿಂಗ ಮಾಡಪಾ, ಮರೀಬ್ಯಾಡ." ನಾನು ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

ಆದರೆ ದೀಪಗಳು ಕೈಕೊಡತೊಡಗಿದವು. ಫಾಗ್ ಲೈಟು ಹಾಕಿದರೆ ಹೆಡ್‌ಲೈಟು ಮಂಕಾಗುತ್ತಿತ್ತು. ಕೆಲವೊಮ್ಮೆ ಎಲ್ಲವೂ ಒಟ್ಟಿಗೆ ಮಿಣುಕಿ ಆರಿಬಿಡುತ್ತಿದ್ದವು. ಎಡಗಡೆ ದೀಪದ ಕೆಳಗೆ ಒಂದು ಬೋಲ್ಟು, ಎಲ್ಲ ದೀಪಗಳ ಅರ್ಥಿಂಗ್ ತಂತಿ ಬಂದು ಸೇರುವುದು ಅದಕ್ಕೇ. ಕಾಕಾ ಅದನ್ನು ಬಿಚ್ಚಿ, ಉಜ್ಜಿ, ಬಿಗಿದು, ಮೇಲೆ ಟೇಪು ಸುತ್ತಿ, ಕಾಯಿನೀರು ಎರೆದು ಕಳಿಸುತ್ತಿದ್ದರು. ಕೆಲವು ದಿನ ಚೆನ್ನಾಗಿ ಉರಿದು ಮತ್ತೆ ಅದೇ ರೋಗ. "ಇದೇನಪಾ, ನಿನ್ನ ಗಾಡಿಗೆ ಯಾರರ ಮಾಟ ಮಾಡ್ಸ್ಯಾರೇನು?" ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ದಟ್ಟ ಮಂಜಿನಲ್ಲಿ ದೀಪಗಳೆಲ್ಲ ಒಮ್ಮೆಲೇ ಹೋದವು. ಎದುರಿಗೆ ಚಕ್ಕಡಿ ಬರುತ್ತಿದ್ದದ್ದು ಕಂಡದ್ದು ಎತ್ತಿನ ಕೊಂಬು ಬಾನೆಟ್ಟಿನ ಮುಂದೆ ಬಂದಾಗಲೇ. ಸ್ಟೇರಿಂಗ್ ತಿರುವಿ ಕಾರನ್ನು ಜೋಳದ ಹೊಲಕ್ಕೆ ಇಳಿಸಿದೆ. ಯಾರಿಗೂ ಏನೂ ಆಗಲಿಲ್ಲ. ಚಕ್ಕಡಿಯ ಮುದುಕ ಮಾತ್ರ ಬಾರುಕೋಲು ಎತ್ತಿ, "ಯಾರಲೇ ಅಂವ, ಕಣ್ಣ ಮುಚ್ಚಿ ಗಾಡಿ ಹೊಡ್ಯಾಂವ? ನನ್ನ ಎತ್ತಿಗೇ ನಿನಕಿಂತ ಚಲೋ ಕಾಣತೈತಿ!" ಎಂದು ಕೂಗಿದ. ಹಿಂದೆ ಕೂತಿದ್ದ ಅಕ್ಕೋರು ಇಳಿದು, "ಅಣ್ಣಾರ, ನಾಳಿಂದ ನಾವು ಬಸ್ಸಿಗೇ ಹೋಗ್ತೀವ್ರಿ" ಎಂದರು.

ಆ ಮಾತು ನನ್ನನ್ನು ಸುಟ್ಟಿತು. ಸ್ಟ್ಯಾಂಡಿಗೆ ಬಂದವನೇ ಡ್ರೈವರುಗಳ ನಡುವೆ ನಿಂತು ಅಂದೆ: "ಕಾಕಾ ಬೇಕಂತನ ಒಂದು ವೈರ್ ಸಡ್ಲ ಬಿಡ್ತಾನ. ನಾವು ಮತ್ತ ಮತ್ತ ಅವನ ಬಾಗಲಿಗೇ ಬರಬೇಕಲ್ಲ!"

"ಹಂಗಾರ ನನ್ನ ಹಾರ್ನ್ ಕೆಟ್ಟದ್ದೂ ಅದಕ್ಕ ಅನ್ನು" ಎಂದ ಒಬ್ಬ. ಎಲ್ಲರೂ ನಕ್ಕರು. ನಗುತ್ತಲೇ ನಂಬಿದರು. ತಿಕೋಟಾದ ಗಾಡಿಗಳು ಕಾಕಾನ ಅಂಗಡಿಗೆ ಹೋಗುವುದನ್ನು ಬಿಟ್ಟವು. ನಾನೂ ಬೇರೆ ಮಿಸ್ತ್ರಿಯನ್ನು ಹಿಡಿದೆ.

ಆ ಮಿಸ್ತ್ರಿ ಕಾಯಿ ಒಡೆಯುವವನಲ್ಲ. ಅವನು ಸರಿಮಾಡಿದ ದೀಪಗಳು ಚೆನ್ನಾಗಿಯೇ ಉರಿದವು. ಅಮಾವಾಸ್ಯೆ ಬಂತು, ನಾನು ರೂಢಿಯಂತೆ ಕಾಯಿನೀರು ಎರೆದೆ. ಕೆಲವೇ ದಿನಗಳಲ್ಲಿ ದೀಪಗಳು ಮತ್ತೆ ಮಂಕಾದವು. ಮನಸ್ಸಿನಲ್ಲಿ ಏನೋ ಚುಚ್ಚಿದಂತಾಗಿ, ಮಧ್ಯಾಹ್ನ ಬೇವಿನಮರದ ಕೆಳಗೆ ಗಾಡಿ ನಿಲ್ಲಿಸಿ ನಾನೇ ಆ ಬೋಲ್ಟಿನ ಟೇಪು ಬಿಚ್ಚಿದೆ. ಒಳಗೆ ತಾಮ್ರದ ತಂತಿಗೆಲ್ಲ ಹಸಿರು ಕಿಲುಬು ಹತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಹಳಸಿದ ಕಾಯಿನೀರಿನ ವಾಸನೆ... ದೀಪದ ಮೇಲೆ ಎರೆದದ್ದು ಜಿನುಗಿ ಟೇಪಿನೊಳಗೆ ಇಳಿದು, ಹೊರಗೆ ಬರಲಾರದೆ ಅಲ್ಲೇ ಕೂತು ತಂತಿ ತಿಂದಿತ್ತು.

ಆ ದಿನವೇ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಒಂದು ಜೋಳದ ಬೆಳೆ ಬಿತ್ತಿ ಕೊಯ್ಯುವಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದೆ. ಸೊಲ್ಲಾಪುರ ರಸ್ತೆಯಲ್ಲಿ ಹೋಗುವಾಗ ಕಾಕಾನ ಅಂಗಡಿ ಬಂತೆಂದರೆ ಮುಖ ಆಚೆ ತಿರುಗಿಸುತ್ತಿದ್ದೆ. ಒಂದು ದಿನ ಮಾತ್ರ ನೋಡಿಬಿಟ್ಟೆ. ಅಂಗಡಿಯ ಮುಂದೆ ಒಂದೂ ಗಾಡಿ ಇರಲಿಲ್ಲ. ಕಾಕಾ ಬಾಗಿಲಲ್ಲಿ ಕೂತು ಯಾರದೋ ಮನೆಯ ಟೇಬಲ್ ಫ್ಯಾನು ಬಿಚ್ಚುತ್ತಿದ್ದರು. ಕಾರು ನಿಲ್ಲಿಸಿ ಇಳಿದೆ. ಸ್ಟ್ಯಾಂಡಿನಲ್ಲಿ ಆಡಿದ್ದು, ಆಮೇಲೆ ಕಂಡದ್ದು, ಎಲ್ಲವನ್ನೂ ನಿಂತಲ್ಲೇ ಹೇಳಿದೆ.

ಕಾಕಾ ಕೈಯಲ್ಲಿದ್ದ ಫ್ಯಾನಿನ ರೆಕ್ಕೆಯನ್ನು ಕೆಳಗಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಹಂಗಂದ್ರ ಇಷ್ಟ ವರ್ಷ ಊರ ಗಾಡಿ ರಿಪೇರಿ ಮಾಡಿದಾಂವಾನೂ ನಾನ, ಕೆಡಿಸಿದಾಂವಾನೂ ನಾನ! ನೀ ಹೇಳಿದ್ದು ಅರ್ಧ ಖರೇನ ಐತಲ್ಲೋ!"

ನಾನೂ ನಗಲು ಹೋದೆ. ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ಬೇಕಂತ ಅಂದ್ಯಲ್ಲ, ಅದೊಂದು ಸುಳ್ಳು. ಅದನ್ನ ಎಲ್ಲಿ ಆಡೀದಿ, ಅಲ್ಲೇ ಹೋಗಿ ಅಳಿಸಿ ಬಾ."

ಮುಂದಿನ ಅಮಾವಾಸ್ಯೆಗೆ ಅವರನ್ನು ನನ್ನ ಕಾರಿನಲ್ಲೇ ತಿಕೋಟಾಕ್ಕೆ ಕರೆತಂದೆ. ಅದೇ ಡ್ರೈವರುಗಳ ಮುಂದೆ ಅದೇ ಜಾಗದಲ್ಲಿ ನಿಂತು, ತಪ್ಪು ನನ್ನದೆಂದೆ. ಕಾಯಿನೀರಿನ ಸಂಗತಿಯನ್ನೂ ಹೇಳಿದೆ. ಕಾಕಾ ರಸ್ತೆಬದಿಯ ಕಲ್ಲಿಗೆ ಕಾಯಿ ಒಡೆದು, ನೀರನ್ನು ನೆಲಕ್ಕೆ ಬಿಟ್ಟರು. "ಇನ್ನ ಮ್ಯಾಲೆ ಹಿಂಗ್ರಪಾ. ಕಣ್ಣಿಗೆ ಬ್ಯಾಡ, ಕಲ್ಲಿಗೆ ಸಾಕು." ಹಿಂದೆ ಹಾರ್ನಿನ ಮಾತಾಡಿದ್ದ ಗೆಳೆಯ, "ಕಾಕಾ, ಹಂಗಾರ ನನ್ನ ಹಾರ್ನಿಗೆ ಏನು ಕುಡಿಸಿದ್ರಿ?" ಎಂದ. ಈ ಸಲದ ನಗೆಯಲ್ಲಿ ಕಾಕಾನೂ ಇದ್ದರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅಂದು ಮನೆಗೆ ಹೋಗಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಬಿಟ್ಟುಹೋದ ಗಾಡಿಗಳಲ್ಲಿ ಕೆಲವು ತಿರುಗಿ ಬಂದವು. ಕೆಲವು ಬರಲೇ ಇಲ್ಲ. ಅದು ನನ್ನ ಲೆಕ್ಕಕ್ಕೇ ಇದೆ. ಕಾಕಾ ಮಾತ್ರ ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಈಗ ಅವರಿಲ್ಲ. ಜೋರಾಪುರ ಪೇಟೆಯ ಅವರ ಮನೆಯಿಂದ ಹೆಣ ಎತ್ತಿದಾಗ ನಾನೂ ಹೆಗಲು ಕೊಟ್ಟಿದ್ದೆ. ಬದುಕಿದ್ದಾಗಲೇ ಹೇಳಿ ಮುಗಿಸಿದ್ದೆನಲ್ಲ, ಆ ಹೆಗಲು ಅಷ್ಟಾಗಿ ಭಾರವಾಗಲಿಲ್ಲ...

ಅಳಿಯ ಬೊಗಸೆಯಲ್ಲಿ ನೀರು ಹಿಡಿದು ದೀಪದ ಕಡೆ ಬಗ್ಗಿದ್ದ. "ತಡೀಪಾ" ಎಂದೆ.

"ಯಾಕ್ರಿ ಮಾಮಾ? ಎಲ್ಲಾರೂ ಹಾಕ್ತಾರಲ್ರಿ?"

"ನನಗ ಕಲಿಸಿದವರೂ ಹಾಕ್ತಿದ್ರು. ಆಮ್ಯಾಲೆ ಬಿಟ್ರು" ಎಂದು, ಅವನ ಕೈಹಿಡಿದು ಗೇಟಿನ ಬದಿಯ ಕಲ್ಲಿನ ಮೇಲೆ ನೀರು ಬಿಡಿಸಿದೆ. ಲೈಟು ಹಚ್ಚು ಅಂದೆ. ಎಲ್ಲ ದೀಪಗಳೂ ಹತ್ತಿದವು. ಹಗಲ ಬೆಳಕಿನಲ್ಲಿ ಅವು ಅಷ್ಟಾಗಿ ಕಾಣಲಿಲ್ಲ. ಆದರೂ ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟು, ಅದು ಬೆಚ್ಚಗಾಗುವವರೆಗೂ ನಿಂತಿದ್ದೆ.